ತೂಬಿಗೆ ಹಲಗೆ ಹಾಕಿದವರು

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯದು ಅರ್ಧಕ್ಕೆ ಬಂದಿತ್ತು. ರಿಬ್ಬನ್ ಅಮ್ಮನ ಹಲ್ಲುಗಳ ನಡುವೆ ಇತ್ತು.

ಆಗ ಯಾರೋ ಹಿಂಬಾಗಿಲು ಬಡಿದರು.

ಹಿಂಬಾಗಿಲು! ಆ ಮನೆಯ ಹಿಂಬಾಗಿಲಿಗೆ ಬರುತ್ತಿದ್ದ ಅತಿಥಿಗಳು ಇಬ್ಬರೇ... ಸಮುದ್ರದ ಗಾಳಿ, ಅದರ ಕೈ ಹಿಡಿದು ಬರುವ ಮರಳು.

"ಯಾರಮ್ಮಾ ಅದು?" ಎನ್ನುತ್ತಾ ಮಗಳು ಎದ್ದೇ ಬಿಟ್ಟಳು.

"ಮ್ಮ್... ಮ್ಮ್!" ಅಂದರೆ ಕೂತ್ಕೋ, ಅಲ್ಲಾಡಬೇಡ, ಬಾಗಿಲು ತೆಗೀಬೇಡ. ರಿಬ್ಬನ್ ಕಚ್ಚಿಕೊಂಡ ತಾಯಿಯ ಮಾತನ್ನು ಯಾವ ಮಗು ತಾನೇ ಕೇಳೀತು? ಚೋಟಿ ಬಾಗಿಲಿಗೆ ಓಡಿದಳು. ಅರ್ಧ ಹೆಣೆದ ಜಡೆ ಕೈಯಲ್ಲೇ ಇದ್ದುದರಿಂದ ಅಮ್ಮನೂ ಅವಳ ಹಿಂದೆ ಓಡಬೇಕಾಯಿತು.

ಬಾಗಿಲಾಚೆ ಮಂಜು. ಮಂಜಿನ ಮುಂದೆ ಒಬ್ಬ ಗಂಡಸು. ಕಿವಿ ಮುಚ್ಚುವ ಉಣ್ಣೆಯ ಟೋಪಿ, ಬೆನ್ನಿಗೊಂದು ಚೀಲ, ಹೆಗಲ ಮೇಲೆ ಗೋಣಿ ಸುತ್ತಿದ ಉದ್ದನೆಯದೇನೋ. ಗೋಣಿಯ ತುದಿಯಿಂದ ಬಾಗಿದ ಅಲಗೊಂದು ಇಣುಕುತ್ತಿತ್ತು.

ಅವಳು ಥಟ್ಟನೆ ಮಗಳನ್ನು ಜಡೆ ಹಿಡಿದೇ ಹಿಂದಕ್ಕೆಳೆದಳು.

"ಆಯ್! ಅಮ್ಮಾ!"

"ಪಕ್ಷಿಧಾಮದ ಮೇಲ್ವಿಚಾರಕರು ಇದ್ದಾರಾ?" ಅವನು ಕೇಳಿದ.

ಅವಳು ಬಾಯಿಂದ ರಿಬ್ಬನ್ ತೆಗೆದಳು. "ನಾನೇ."

"ಓ..."

"ಏನು ಓ? ಗಂಡಸು ಇರ್ತಾರೆ ಅಂದ್ಕೊಂಡ್ರಾ?"

"ಇಲ್ಲ ಮೇಡಂ. ಸದ್ಯ, ಮನೇಲಿ ಜನ ಇದ್ದಾರಲ್ಲ ಅಂತ ಓ ಅಂದೆ. ನಿಮ್ಮ ಮುಂಬಾಗಿಲು ಮರಳಲ್ಲಿ ಹೂತುಹೋಗಿದೆ. ತಟ್ಟೋಕೂ ಗುದ್ದಲಿ ಬೇಕು."

ಚೋಟಿ ಕಿಸಕ್ಕನೆ ನಕ್ಕಳು. ಅವಳ ಅಮ್ಮನಿಗೆ ನಗು ಬರಲಿಲ್ಲ.

"ಏನಾಗ್ಬೇಕಿತ್ತು?"

"ಆಫೀಸಿನವರು ಕಳಿಸಿದ್ದಾರೆ. ಜೊಂಡು ಕುಯ್ಯೋಕೆ."

"ಗುರುತಿನ ಚೀಟಿ?"

ಅವನು ಕೊಟ್ಟ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಫೋಟೋ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. "ಟೋಪಿ ತೆಗೀರಿ."

ಟೋಪಿ ತೆಗೆದ ಕೂಡಲೇ ಅವನ ಕೂದಲು ಮುಳ್ಳುಹಂದಿಯ ಹಾಗೆ ಎದ್ದು ನಿಂತಿತು. "ಫೋಟೋ ತೆಗೆಸೋ ದಿನ ಬಾಚಿದ್ದೆ ಮೇಡಂ," ಎಂದ. ತುಟಿ ಅಲುಗುವ ಮೊದಲೇ ಅವನ ಕಣ್ಣು ನಕ್ಕಿತ್ತು.

ಅದೇ ಅವಳಿಗೆ ಹಿಡಿಸಲಿಲ್ಲ.

ತುಟಿಗಿಂತ ಮೊದಲು ನಗುವ ಕಣ್ಣುಗಳನ್ನು ಅವಳು ಹಿಂದೊಮ್ಮೆ ನಂಬಿದ್ದಳು. ನಂಬಿ ಮದುವೆಯಾಗಿದ್ದಳು. ಚೋಟಿಯನ್ನು ಹೆತ್ತಿದ್ದಳು. ಆ ಕಣ್ಣುಗಳು ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರವನ್ನು ನೋಡಿಯೂ ಹಾಗೇ ನಗುತ್ತಿವೆ ಎಂದು ತಿಳಿದ ದಿನ... ಬಿಡಿ. ಕೋರ್ಟಿನಲ್ಲಿ ಅದೆಲ್ಲ ಎಂದೋ ಮುಗಿದಿತ್ತು. ಆ ಮದುವೆಯಿಂದ ಅವಳಿಗೆ ಉಳಿದದ್ದು ಮಗಳು, ಯಾರನ್ನೂ ಪೂರ್ತಿ ನಂಬದ ಅಭ್ಯಾಸ, ಮತ್ತು ಅತ್ತೆ.

ಹೌದು, ಅತ್ತೆ! ಮಗನ ಮೋಸ ಬಯಲಾದಾಗ ಆ ಹಿರಿಯ ಜೀವ ತನ್ನ ಟ್ರಂಕನ್ನು ತಾನೇ ಎಳೆದುಕೊಂಡು ಸೊಸೆಯ ಹಿಂದೆ ಬಂದುಬಿಟ್ಟಿತ್ತು. "ಅವನ ಜೊತೆ ಇದ್ರೆ ದಿನಾ ಬಯ್ಯಬೇಕು, ನಿನ್ನ ಜೊತೆ ಇದ್ರೆ ದಿನಾ ಬಯ್ಸ್ಕೋಬೇಕು. ನನಗೆ ಎರಡನೇದೇ ವಾಸಿ ಕಣೇ," ಎಂದಿದ್ದರು.

ಈಗ ಅಡುಗೆಮನೆಯಿಂದ ಅವರದೇ ದನಿ ಕೇಳಿಸಿತು. "ಬಾಗಿಲಲ್ಲೇ ನಿಲ್ಲಿಸಿಕೊಂಡು ಪೊಲೀಸ್ ವಿಚಾರಣೆ ಮಾಡ್ಬೇಡ್ವೇ! ಒಂದೋ ಆ ಮನುಷ್ಯನ್ನ ಒಳಗೆ ಕರಿ, ಇಲ್ಲಾ ಚಳಿನ ಹೊರಗೆ ಕಳಿಸು!"

ಮನೆಯ ಹಿಂದೆ ಮರಳು ದಿಬ್ಬಗಳ ಸಾಲು, ಅದರಾಚೆ ಸಮುದ್ರ. ಈಚೆಯ ತಗ್ಗಿನಲ್ಲಿ ಸಿಹಿನೀರಿನ ಕೊಳ. ಅದರ ತುಂಬ ಆಳೆತ್ತರದ ಜೊಂಡು. ಚಳಿಗಾಲದಲ್ಲಿ ಹಳೆಯ ಒಣ ಜೊಂಡನ್ನು ಕೊಯ್ದು ತೆಗೆದರೆ ಹೊಸ ಚಿಗುರು ಬರುತ್ತದೆ. ಚಿಗುರು ಬಂದರೆ ಹಕ್ಕಿಗಳು ಗೂಡು ಕಟ್ಟುತ್ತವೆ. ಇಲ್ಲದಿದ್ದರೆ ಕೊಳ ಹೂಳು ತುಂಬಿ, ಪೊದೆ ಬೆಳೆದು, ಹಕ್ಕಿಯೂ ಇಲ್ಲ, ಧಾಮವೂ ಇಲ್ಲ.

ಕೊಯ್ಯಬೇಕಾದರೆ ನೀರು ಇಳಿಯಬೇಕು. ನೀರು ಇಳಿಯಬೇಕಾದರೆ ಕೊಳದ ಬಾಯಲ್ಲಿರುವ ತೂಬಿನ ಹಲಗೆಗಳನ್ನು ತೆಗೆಯಬೇಕು.

ತೂಬು ಎಂದರೆ ಎದುರುಬದುರು ನಿಂತ ಎರಡು ಕಲ್ಲುಗಂಬ. ಕಂಬಗಳ ಒಳಮೈಯಲ್ಲಿ ಉದ್ದಕ್ಕೂ ಕೊರೆದ ಸೀಳು. ಆ ಸೀಳಿನಲ್ಲಿ ಒಂದರ ಮೇಲೊಂದು ಹಲಗೆ ಇಳಿಬಿಟ್ಟರೆ ನೀರು ನಿಲ್ಲುತ್ತದೆ. ಹಾಕುವುದು ಸುಲಭ, ಹಲಗೆ ತಾನಾಗಿಯೇ ಜಾರಿ ಇಳಿಯುತ್ತದೆ. ಕಷ್ಟವೇನಿದ್ದರೂ ತೆಗೆಯುವಾಗ. ನೀರಿನ ಒತ್ತಡಕ್ಕೆ ಹಲಗೆ ಕಚ್ಚಿಕೊಂಡು ಕೂತಿರುತ್ತದೆ. ಮೇಲಂಚಿನಲ್ಲಿರುವ ಕಬ್ಬಿಣದ ಬಳೆಗೆ ಕೊಕ್ಕೆ ಸಿಕ್ಕಿಸಿ, ದಂಡೆಗೆ ಕಾಲೂರಿ, ಉಸಿರು ಬಿಗಿಹಿಡಿದು ಎಳೆಯಬೇಕು.

ಹಿಂದಿನ ಚಳಿಗಾಲಗಳಲ್ಲಿ ಬಂದ ಕೂಲಿಯವರು ಅರ್ಧ ಕೊಯ್ದು ಕಾಲು ಕಿತ್ತಿದ್ದರು. ಈ ಸಲ ಆಫೀಸಿನ ಸಾಹೇಬರು ಫೋನಿನಲ್ಲಿ ಮಾತು ಜಗಿಯದೆ ಹೇಳಿದ್ದರು. "ಹಕ್ಕಿಗಳು ಬರೋದರೊಳಗೆ ಜೊಂಡು ಪೂರ್ತಿ ಮುಗೀಬೇಕು. ಮುಗೀಲಿಲ್ಲ ಅಂದ್ರೆ ಧಾಮಕ್ಕೆ ಬೀಗ ಹಾಕ್ತೀವಿ. ಮನೆ ಖಾಲಿ ಮಾಡಬೇಕಾಗುತ್ತೆ."

ಮುದುಕಿ ಅತ್ತೆ, ಚೋಟುದ್ದದ ಮಗಳು... ಇವರನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಇಲ್ಲ. ಹೊಸದಾಗಿ ಬಂದ ಈ ಜೊಂಡಿನವನಿಗಂತೂ ಇಲ್ಲವೇ ಇಲ್ಲ.

ಅವನಿಗೆ ಸಾಮಾನು ಕೊಠಡಿಯ ಪಕ್ಕದ ಕೋಣೆ ಕೊಟ್ಟಳು. ಮೊದಲ ದಿನವೇ ಹಲಗೆಗಳನ್ನೆಲ್ಲ ಎಳೆದು ದಂಡೆಯ ಮೇಲೆ ಸಾಲಾಗಿ ಮಲಗಿಸಿದ. ನೀರು ಇಳಿಯಿತು. ಕೆಸರಿನ ಮೇಲೆ ಹಕ್ಕಿಗಳ ಹೆಜ್ಜೆ ಮೂಡಿತು. ಅವನ ಕುಡುಗೋಲು ಸರ್... ಸರ್... ಎಂದು ಹಾಡತೊಡಗಿತು.

ಅತ್ತೆ ಅವನ ಜಾತಕವನ್ನೇ ಜಾಲಾಡಿದರು. "ಮದುವೆ ಆಗಿದ್ಯೇನಪ್ಪಾ?"

"ಎಲ್ಲಿ ಅಮ್ಮಾ? ಚಳಿಗಾಲಕ್ಕೊಂದೂರು, ಬೇಸಿಗೆಗೊಂದೂರು. ಕೊಳ ಇರೋ ಕಡೆ ಕೆಲಸ. ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ?"

"ಕೊಡೋರು ಕೊಡ್ತಾರೆ. ಮೊದಲು ತಲೆ ಬಾಚ್ಕೋ."

ಚೋಟಿಯಂತೂ ಶಾಲೆಯಿಂದ ಬಂದವಳೇ ಚೀಲ ಎಸೆದು ಕೊಳದ ದಂಡೆಗೆ ಓಡುತ್ತಿದ್ದಳು. ಅವನಿಗೊಂದು ಹೆಸರನ್ನೂ ಇಟ್ಟಿದ್ದಳು, ಜೊಂಡಂಕಲ್! ಅವನು ಕೊಯ್ದು ಹಾಕಿದ್ದನ್ನು ಕಂತೆ ಕಟ್ಟುವುದು ಅವಳ ಕೆಲಸ. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಅವಳದೊಂದು ಹೊಸ ಶಾಸ್ತ್ರ ಬೇರೆ ಶುರುವಾಗಿತ್ತು. "ಬಾತುಕೋಳಿಗೆ ಟಾಟಾ ಹೇಳಿ ಬರ್ತೀನಮ್ಮಾ!" ಎಂದು ಮತ್ತೊಮ್ಮೆ ಓಡಿ, ಕೆಸರಾಗಿ ಬರುತ್ತಿದ್ದಳು.

ಅಮ್ಮನೂ ಬಿಡುವಾದಾಗ ಕುಂಟೆ ಹಿಡಿದು ಕೊಯ್ದ ಜೊಂಡು ಎಳೆಯಲು ಹೋಗುತ್ತಿದ್ದಳು. ಸಹಾಯಕ್ಕೆ ಎಂದು ಬಾಯಲ್ಲಿ ಹೇಳುತ್ತಿದ್ದಳು. ಕಣ್ಣಿಡಲು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಕೆಸರು ಅವಳ ಒಂದು ಬೂಟನ್ನು ನುಂಗಿಬಿಟ್ಟಿತು. ಒಂಟಿ ಕಾಲಿನಲ್ಲಿ ಕುಂಟೆ ಊರಿ ನಿಂತವಳನ್ನು ಅವನು ನೋಡಿದ. "ಮೇಡಂ, ಅಲ್ಲಾಡಬೇಡಿ. ಬಕಪಕ್ಷಿ ಹಾಗೇ ನಿಲ್ಲೋದು. ಮೀನು ಬರುತ್ತೆ."

ಅವಳಿಗೆ ನಗು ಬಂತು. ತಡೆಯಲಾರದ, ಹೊಟ್ಟೆಯಿಂದ ಬರುವ ನಗು! ಕುಂಟೆ ಜಾರಿತು. ಅವನು ಕೈ ಹಿಡಿದುಕೊಂಡ. ಒರಟು ಕೈ... ಬೆಚ್ಚಗಿತ್ತು. ಬಿಡಬೇಕಾದ ಹೊತ್ತಿಗಿಂತ ತುಸು ತಡವಾಗಿ ಬಿಟ್ಟ. ಅವಳೂ ತುಸು ತಡವಾಗಿಯೇ ಎಳೆದುಕೊಂಡಳು.

ಅಂದು ಪಾತ್ರೆ ತೊಳೆಯುವಾಗ ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. 'ಬೇಡ... ನಗಿಸುವವರ ಹತ್ತಿರ ಹೋಗಬೇಡ. ಒಮ್ಮೆ ಆದದ್ದು ಸಾಲದೇ?'

ಮರುದಿನ ಬೆಳಿಗ್ಗೆ ಕೊಳದಲ್ಲಿ ನೀರು ಏರಿತ್ತು!

ತೂಬಿನ ಸೀಳಿನಲ್ಲಿ ಎರಡು ಹಲಗೆ. ಕೊಯ್ಯಬೇಕಿದ್ದ ಜೊಂಡಿನ ಬುಡವೆಲ್ಲ ನೀರಿನಡಿ.

"ಯಾರು ಹಾಕಿದ್ದು?"

"ಗೊತ್ತಿಲ್ಲ ಮೇಡಂ." ಅವನೂ ಬೆರಗಾಗಿದ್ದ. ಅಥವಾ ಬೆರಗಾದ ಹಾಗೆ ಕಂಡ.

ಅಂದಿನ ಕೆಲಸ ಕೆಟ್ಟಿತು. ಕೆಲವು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆಮೇಲೆ ಮತ್ತೊಮ್ಮೆ. ಈಗ ಅವಳು ಕೇಳಿದಾಗ ಅವನು "ಗೊತ್ತಿಲ್ಲ" ಎನ್ನಲಿಲ್ಲ. ಟೋಪಿ ಸರಿಮಾಡಿಕೊಂಡು, "ನೋಡ್ಕೋತೀನಿ ಬಿಡಿ ಮೇಡಂ," ಎಂದು ಬೇರೆಡೆ ತಿರುಗಿದ.

ಯಾಕೆ ಕಣ್ಣು ತಪ್ಪಿಸಿದ?

"ಹಲಗೆಗಳನ್ನ ಸಾಮಾನು ಕೊಠಡಿಲಿಟ್ಟು ಬೀಗ ಹಾಕಿ," ಎಂದಳು.

"ಒಳಗಿಟ್ರೆ ಒಣಗಿ ಬಿರುಕು ಬಿಡ್ತವೆ. ದಂಡೆ ಮೇಲೇ ಒದ್ದೆಲಿ ಇರ್ಲಿ," ಎಂದ.

ಮಾತು ಸರಿಯೇ ಇತ್ತು. ಸರಿಯಾಗಿದ್ದ ಮಾತೇ ಅವಳಿಗೆ ಹೆಚ್ಚು ಅನುಮಾನ ತಂದಿತು. ಅವಳ ಗಂಡನ ಮಾತುಗಳೂ ಯಾವಾಗಲೂ ಸರಿಯಾಗಿಯೇ ಇರುತ್ತಿದ್ದವು!

ಅವಳ ಮೈಯೆಲ್ಲ ಕಣ್ಣಾಯಿತು. ಅವನು ಸಂಜೆ ದಿಬ್ಬದ ಕಡೆ ಯಾಕೆ ಹೋಗುತ್ತಾನೆ? ಬೆಳಕು ಹರಿಯುವ ಮೊದಲೇ ಯಾಕೆ ಏಳುತ್ತಾನೆ? ಅವನ ಬೆರಳ ಗೆಣ್ಣುಗಳಲ್ಲಿ ಆ ಗಾಯ ಎಲ್ಲಿಂದ ಬಂತು?

"ಕೆಲಸ ಎಳೆದಷ್ಟೂ ಕೂಲಿ ಸಿಗುತ್ತಲ್ಲ ಅತ್ತೆ. ಅದಕ್ಕೇ ಅವನೇ ಹಾಕ್ತಿದ್ದಾನೆ."

ಅತ್ತೆ ಬಟ್ಟೆ ಮಡಚುತ್ತಿದ್ದರು. "ನನ್ನ ಮಗ ಮೋಸ ಮಾಡಿದ. ಹೆತ್ತವಳು ನಾನೇ ಒಪ್ಪಿಕೋತೀನಿ. ಹಾಗಂತ ಅವನ ತಪ್ಪಿಗೆ ಲೋಕದಲ್ಲಿರೋ ಗಂಡಸರ ಕೈಲೆಲ್ಲಾ ದಂಡ ಕಟ್ಟಿಸ್ತೀಯೇನೇ?"

"ನಿಮಗೆ ಗೊತ್ತಾಗಲ್ಲ ಅತ್ತೆ."

"ಹೌದಪ್ಪಾ, ನನಗೇನು ಗೊತ್ತಾಗುತ್ತೆ? ನೀನು ಅವನ ತಟ್ಟೆಗೆ ಎರಡು ಸಲ ಬಡಿಸಿ, ನನ್ನ ತಟ್ಟೆ ಮರೆತಿದ್ದೂ ಗೊತ್ತಾಗಲಿಲ್ಲ."

ಅವಳು ಕೆಂಪಾದಳು. ಆ ಸಿಟ್ಟೂ ಅವನ ಲೆಕ್ಕಕ್ಕೇ ಸೇರಿತು.

ಅದು ಭಾನುವಾರ. ಚಹಾಕ್ಕೆ ನೀರಿಟ್ಟವಳು ಅಡುಗೆಮನೆಯ ಕಿಟಕಿಗೆ ಮೆತ್ತಿದ್ದ ಸಮುದ್ರದ ಉಪ್ಪು ಒರೆಸಿ ಹೊರಗೆ ನೋಡಿದಳು. ಆಗಷ್ಟೇ ಬೆಳಕಾಗುತ್ತಿತ್ತು. ತೂಬಿನ ಬಳಿ, ಎದೆಮಟ್ಟದ ನೀರಿನಲ್ಲಿ, ಅವನು! ಎರಡೂ ಕೈ ಹಲಗೆಯ ಮೇಲೆ!

ಶಾಲು ಎಳೆದುಕೊಂಡು, ಒಲೆ ಆರಿಸುವುದನ್ನೂ ಮರೆತು ಓಡಿದಳು.

"ಸಿಕ್ಕಿಬಿದ್ರಲ್ಲ ಕೊನೆಗೂ!"

ಅವನು ತಿರುಗಿದ. ತುಟಿ ನೀಲಿಯಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. "ಮೇಡಂ... ನಾನು ಹೇಳೋದನ್ನ..."

"ಏನು ಹೇಳ್ತೀರಿ? ಕಣ್ಣಾರೆ ನೋಡಿದ್ದೀನಿ! ಇಷ್ಟು ದಿನ ಹಲಗೆ ಹಾಕಿ ಕೆಲಸ ಎಳೆದವರು ನೀವೇ ತಾನೇ?"

ಅವನ ಬಾಯಿ ತೆರೆಯಿತು. ನೋಟ ಅವಳ ಭುಜದ ಮೇಲಿಂದ ಹಾದು, ಹಿಂದೆ ಎಲ್ಲೋ ಹೋಗಿ ನಿಂತಿತು. ಹೇಳಲು ಸುಳ್ಳು ಹುಡುಕುವವರು ಹೀಗೆಯೇ ದೂರ ನೋಡುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತು!

"ಹೇಳಿ!"

"ಹೌದು," ಎಂದ ಮೆಲ್ಲಗೆ. "ನಾನೇ ಹಾಕಿದ್ದು."

ಅವಳು ಕಾದಿದ್ದ ಉತ್ತರವೇ ಅದು. ಆದರೂ ಅದು ಕಿವಿಗೆ ಬಿದ್ದಾಗ ಒಳಗೆ ಏನೋ ಪಟ್ಟೆಂದು ಮುರಿಯಿತು. ಅಲ್ಲ ಎನ್ನಬಾರದಿತ್ತೇ ಇವನು? ಒಂದೇ ಒಂದು ಸಲ... ಅಲ್ಲ ಎನ್ನಬಾರದಿತ್ತೇ?

"ಜೊಂಡು ಮುಗೀದಿದ್ರೆ ಧಾಮ ಮುಚ್ತಾರೆ, ಗೊತ್ತಾ ನಿಮಗೆ? ನಾವು ಬೀದಿಗೆ ಬೀಳ್ತೀವಿ! ನಾನು, ಆ ವಯಸ್ಸಾದ ಜೀವ, ಆ ಮಗು!"

ಅವನ ಮುಖ ಬಿಳಚಿಕೊಂಡಿತು. "ಮುಚ್ತಾರಾ? ಇದನ್ನ ನೀವು ಹೇಳಿರ್ಲಿಲ್ಲ..."

"ಹೇಳೋಕೆ ನೀವು ಯಾರು?"

ಅವನು ನೀರಿನಿಂದ ಮೇಲೆ ಬಂದ. ಬಟ್ಟೆಯಿಂದ ನೀರು ಇಳಿದು ದಂಡೆಯ ಮರಳು ಕಪ್ಪಾಯಿತು.

"ಮಧ್ಯಾಹ್ನದ ಬಸ್ಸಿಗೆ ಹೊರಡಿ," ಎಂದಳು.

"ಆಗಲಿ ಮೇಡಂ. ಕೆಳಗಿನ ಹಲಗೆ ಒಂದು ಉಳಿದಿದೆ. ಅದನ್ನ ನೀವು ಮುಟ್ಟೋಕೆ ಹೋಗ್ಬೇಡಿ. ಯಾರನ್ನಾದ್ರೂ ಕರೆಸಿ ತೆಗೆಸಿ."

ಅವನು ಚೀಲ ಹೊತ್ತು ಹೊರಟಾಗ ಅವಳು ಹೊರಗೆ ಬರಲಿಲ್ಲ. ಅತ್ತೆ ಮಾತ್ರ ಬಾಗಿಲವರೆಗೆ ಹೋಗಿ, ಒಣಗಿದ ಟವೆಲೊಂದನ್ನು ಅವನ ಕೈಗೆ ತುರುಕಿ ಬಂದರು. ಬಂದವರು ಸೊಸೆಯ ಜೊತೆ ಮಾತಾಡಲಿಲ್ಲ. ಅತ್ತೆ ಬಯ್ಯುವುದಕ್ಕಿಂತ ಬಯ್ಯದಿರುವುದೇ ಆ ಮನೆಯಲ್ಲಿ ದೊಡ್ಡ ಸದ್ದು.

ಚೋಟಿ ಮಂಚದ ಮೂಲೆಯಲ್ಲಿ ಮುಖ ಮುಚ್ಚಿ ಮಲಗಿದ್ದಳು. ಕರೆದರೆ ಏಳಲಿಲ್ಲ. ತಿಂಡಿ ಬೇಡ ಎಂದಳು. 'ಪಾಪ, ಹಚ್ಚಿಕೊಂಡಿತ್ತು ಮಗು...' ಅಂದುಕೊಂಡಾಗ ಅವಳಿಗೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ನನಗಾದರೆ ಅಭ್ಯಾಸವಿದೆ. ನನ್ನ ಮಗಳಿಗೂ ಯಾಕೆ?

ಸಿಟ್ಟಿನಲ್ಲೇ ಕೊಕ್ಕೆ ಹಿಡಿದು ತೂಬಿಗೆ ನಡೆದಳು. ಯಾರನ್ನೋ ಕರೆಸಬೇಕಂತೆ! ಒಂದು ಹಲಗೆ ತೆಗೆಯಲು ನನಗೆ ಬರುವುದಿಲ್ಲವೇ?

ಕೊಕ್ಕೆ ಇಳಿಬಿಟ್ಟು ಹಲಗೆಯ ಮೇಲಂಚಿನಲ್ಲಿ ತಡಕಿದಳು. ಬಳೆ ಸಿಗಲಿಲ್ಲ. ಆ ಕಡೆ ತಡಕಿದಳು, ಈ ಕಡೆ ತಡಕಿದಳು. ಇಲ್ಲ. ಮಂಡಿಯೂರಿ ಬಗ್ಗಿ ನೋಡಿದಳು. ಹಲಗೆ ತಲೆಕೆಳಗಾಗಿ ಕೂತಿತ್ತು! ಬಳೆಗಳೆಲ್ಲ ಕೆಳಗೆ, ನೀರಿನೊಳಗೆ.

ಇನ್ನೇನು ಮಾಡುವುದು? ಇಳಿಯಬೇಕು. ಇಳಿದು, ಬರಿಗೈಯಲ್ಲಿ ಹಲಗೆಯ ಬುಡ ಹಿಡಿದು ಮೇಲಕ್ಕೆತ್ತಬೇಕು.

ಇಳಿದಳು. ಅಯ್ಯೋ, ಆ ಚಳಿ! ಉಸಿರೇ ನಿಂತಂತಾಯಿತು. ಬೆರಳು ಹಲಗೆಯಡಿ ತೂರಿಸಿ ಎತ್ತಿದಳು. ಗೆಣ್ಣು ಕಲ್ಲಿಗೆ ಉಜ್ಜಿ ಚರ್ಮ ಸುಲಿಯಿತು. ಬೆರಳ ಗೆಣ್ಣಿನ ಗಾಯ...

ಅವಳು ಹಾಗೇ ನಿಂತುಬಿಟ್ಟಳು.

ಹಲಗೆ ಹಾಕುವವನು ನೀರಿಗೆ ಯಾಕೆ ಇಳಿಯುತ್ತಾನೆ? ದಂಡೆಯ ಮೇಲೆ ನಿಂತು ಕೈ ಬಿಟ್ಟರೆ ಸಾಕಲ್ಲ! ಇಳಿಯಬೇಕಾದವನು... ತೆಗೆಯುವವನು. ಬೆಳಿಗ್ಗೆ ಬೆಳಿಗ್ಗೆ ಎದ್ದು, ಈ ಚಳಿಯಲ್ಲಿ, ಈ ನೀರಿನಲ್ಲಿ, ಅವನು ಹಲಗೆ ತೆಗೆಯುತ್ತಿದ್ದ! ಕೆಲಸ ಬಲ್ಲವನು ಬಳೆಯನ್ನು ಕೆಳಗೆ ಮಾಡಿ ಹಾಕುತ್ತಾನೆಯೇ? ಇದು ಬಳೆ ಯಾವ ಕಡೆ ಇರಬೇಕೆಂದೇ ತಿಳಿಯದವರ ಕೈ. ಚಿಕ್ಕ...

"ಅಮ್ಮಾ! ಮೇಲೆ ಬಾ ಅಮ್ಮಾ! ಸತ್ತು ಹೋಗ್ತೀಯಾ!"

ದಂಡೆಯ ಮೇಲೆ ಚೋಟಿ. ಬರಿಗಾಲು, ಕೆದರಿದ ಕೂದಲು. ಅಳು ಕಟ್ಟೆಯೊಡೆದಿತ್ತು.

"ನಾನೇ ಅಮ್ಮಾ... ನಾನೇ ಹಾಕಿದ್ದು! ಎಲ್ಲಾ ಸಲಾನೂ ನಾನೇ!"

ಅವಳು ಹೇಗೆ ಮೇಲೆ ಬಂದಳೋ! ನೆನೆದ ಬಟ್ಟೆಯಲ್ಲೇ ಮಗಳನ್ನು ಅಪ್ಪಿಕೊಂಡಳು. ಬಾತುಕೋಳಿಗೆ ಟಾಟಾ! ದಿನವೂ ಕಣ್ಣೆದುರಿಗೇ ಕೆಸರು ಮೆತ್ತಿಕೊಂಡು ಬರುತ್ತಿದ್ದ ಕಾಲು. ಅವನ ಮೇಲೆ ಇಟ್ಟಿದ್ದ ಕಣ್ಣಿನಲ್ಲಿ ಅರ್ಧದಷ್ಟನ್ನು ಮಗಳ ಮೇಲೆ ಇಟ್ಟಿದ್ದರೂ...

"ಯಾಕೇ ಕಂದಾ? ಯಾಕೆ ಹೀಗೆ ಮಾಡಿದೆ?"

"ನೀರು ಬಂದ್ರೆ ಕುಯ್ಯೋಕಾಗಲ್ಲ. ಕುಯ್ದು ಮುಗೀದಿದ್ರೆ ಅಂಕಲ್ ಹೋಗಲ್ಲ."

"ಹೋಗ್ಬೇಡಿ, ಇಲ್ಲೇ ಇರ್ತೀರಾ ಅಂತ ಅವರನ್ನೇ ಕೇಳಬಹುದಿತ್ತಲ್ಲ ಪುಟ್ಟಾ..."

ಚೋಟಿ ತಲೆಯಲ್ಲಾಡಿಸಿದಳು. "ಅಪ್ಪನ್ನ ಕೇಳಿದ್ದೆ. ಚೀಲ ತಗೊಂಡು ಹೋಗುವಾಗ. ವಾಪಸ್ ಬರ್ತೀಯಾ ಅಂತ. ಹ್ಞೂಂ ಅಂದ." ಮೂಗು ಒರೆಸಿಕೊಂಡಳು. "ಕೇಳಿದ್ರೆ ಹ್ಞೂಂ ಅಂತಾರಮ್ಮಾ. ಆಮೇಲೆ ಹೋಗೇ ಹೋಗ್ತಾರೆ. ಹಲಗೆ ಹಾಕಿದ್ರೆ ಹೋಗಲ್ಲ."

ತನ್ನ ಅಪನಂಬಿಕೆ ತನ್ನೊಬ್ಬಳದೇ ಎಂದು ಅಮ್ಮ ತಿಳಿದಿದ್ದಳು. ಅದನ್ನು ಬಚ್ಚಿಟ್ಟುಕೊಂಡು, ಮಗಳಿಗೆ ತಲೆ ಬಾಚಿ, ಮುತ್ತು ಕೊಟ್ಟು, ಶಾಲೆಗೆ ಕಳಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅದು ಯಾವಾಗ ಈ ಪುಟ್ಟ ಎದೆಗೂ ದಾಟಿತೋ!

"ಬೆಳಿಗ್ಗೆ ನಾನು ನಿನ್ನ ಹಿಂದೇನೇ ನಿಂತಿದ್ದೆ," 
ಚೋಟಿ ಬಿಕ್ಕಿದಳು. "ಅಂಕಲ್ ನನ್ನ ನೋಡಿದ್ರು. ಆಮೇಲೆ 'ನಾನೇ ಹಾಕಿದ್ದು' ಅಂತ ಸುಳ್ಳು ಹೇಳಿದ್ರು."

ಮನೆಯ ಹಿಂಬಾಗಿಲಿನಿಂದ ಅತ್ತೆಯ ಕೂಗು ಕೇಳಿಸಿತು. "ಬಸ್ಸು ಹೋದ ಮೇಲೆ ಅಳೋಕೆ ಬೇಕಾದಷ್ಟು ಹೊತ್ತಿದೆ! ಮೊದಲು ಬಟ್ಟೆ ಬದಲಾಯಿಸಿ ಓಡ್ರೇ ಇಬ್ಬರೂ!"

ಬಸ್ ನಿಲ್ದಾಣ ಎಂದರೆ ದಿಬ್ಬದ ತಿರುವಿನಲ್ಲಿ ಒಂದು ತಗಡಿನ ಸೂರು, ಒಂದು ಬೆಂಚು. ಬೆಂಚಿನ ಮೇಲೆ ಅವನು. ಕತ್ತಿಗೆ ಅತ್ತೆ ಕೊಟ್ಟ ಟವೆಲು. ಅಮ್ಮ ಮಗಳು ಓಡಿಬರುವುದನ್ನು ನೋಡಿ ಎದ್ದು ನಿಂತ.

"ಏನಾಯ್ತು? ಅಮ್ಮನಿಗೇನಾದ್ರೂ...?"

"ಅವರು ಚೆನ್ನಾಗಿದ್ದಾರೆ." ಅವಳಿಗೆ ಏದುಸಿರು. ಚೋಟಿ ಅಮ್ಮನ ಹಿಂದೆ ಅಡಗಿದಳು. "ಯಾಕೆ ಸುಳ್ಳು ಹೇಳಿದ್ರಿ?"

ಅವನು ಅವಳ ಒದ್ದೆ ಕೂದಲು ನೋಡಿದ, ಸುಲಿದ ಬೆರಳು ನೋಡಿದ. ಎಲ್ಲ ಅರ್ಥವಾಯಿತು. "ಮುಟ್ಬೇಡಿ ಅಂದಿದ್ನಲ್ಲ ಮೇಡಂ..."

"ಯಾಕೆ ಸುಳ್ಳು ಹೇಳಿದ್ರಿ ಅಂದೆ!"

"ಆ ಸಿಟ್ಟು ಅವಳ ಮೇಲೆ ಬೀಳೋದು ಬೇಡ ಅನ್ನಿಸ್ತು. ನನಗಾದ್ರೆ ಬೈಗುಳ ತಿಂದು ಅಭ್ಯಾಸ."

"ಯಾವಾಗಿಂದ ಗೊತ್ತಿತ್ತು ನಿಮಗೆ?"

"ಎರಡನೇ ಸಲ ಹಾಕಿದಾಗಿಂದ. ಸಂಜೆ ಅವಳು ಹೊರಟ್ರೆ ನಾನೂ ಹಿಂದೆ ಹೋಗಿ ದಿಬ್ಬದ ಮರೇಲಿ ನಿಂತಿರ್ತಿದ್ದೆ. ಜಾರಿ ಬಿದ್ದುಗಿದ್ದಾಳು ಅಂತ."

"ಬಿದ್ದಿದ್ರೆ? ನನಗೆ ಹೇಳ್ಬೇಕಿತ್ತೋ ಬೇಡ್ವೋ? ನಾನು ಅವಳ ತಾಯಿ!"

"ಹೇಳ್ಬೇಕಿತ್ತು. ತಪ್ಪು ನಂದೇ." ಅವನು ತಲೆ ತಗ್ಗಿಸಿದ. ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಮೇಡಂ, ನೀವು ನನ್ನ ಮೇಲೆ ಪಟ್ಟ ಅನುಮಾನ ಪೂರ್ತಿ ತಪ್ಪಲ್ಲ."

"ಅಂದ್ರೆ?"

"ಹಲಗೆ ಒಣಗಿ ಬಿರುಕು ಬಿಡ್ತವೆ ಅಂದೆನಲ್ಲ... ಒಂದು ವಾರ ಒಳಗಿಟ್ರೆ ಏನೂ ಆಗಲ್ಲ ಅವಕ್ಕೆ. ಬೀಗ ಹಾಕಿದ್ರೆ ಅವಳ ಆಟ ಅವತ್ತೇ ನಿಲ್ತಿತ್ತು. ನಾನು ಹಾಕ್ಲಿಲ್ಲ." ದನಿ ತೀರಾ ಕೆಳಗಿಳಿಯಿತು. "ಬೆಳಿಗ್ಗೆ ಎದ್ದು ತೆಗೀತಿದ್ದೆ, ಕೆಲಸ ಕೆಡಬಾರದು ಅಂತ. ಬೀಗ ಮಾತ್ರ ಹಾಕ್ಲಿಲ್ಲ. ಯಾಕಂದ್ರೆ... ಬೇಗ ಮುಗಿಯೋದು ನನಗೂ ಬೇಡವಾಗಿತ್ತು. ಧಾಮ ಮುಚ್ತಾರೆ ಅಂತ ಗೊತ್ತಿದ್ರೆ ಆಣೆ ಮಾಡಿ ಹೇಳ್ತೀನಿ, ಮೊದಲ ದಿನವೇ ಬೀಗ ಹಾಕ್ತಿದ್ದೆ."

ಗಾಳಿ ಬೀಸಿ ತಗಡು ಗಡಗಡಿಸಿತು. ಅವಳು ಅವನನ್ನೇ ನೋಡಿದಳು. ಕಣ್ಣು ನಗುತ್ತಿರಲಿಲ್ಲ. ಹೆದರಿತ್ತು. ತನ್ನ ತಪ್ಪನ್ನು ತಾನಾಗಿಯೇ ಎತ್ತಿ ಕೈಗೆ ಕೊಡುವ ಗಂಡಸನ್ನು ಅವಳು ಇದೇ ಮೊದಲು ನೋಡುತ್ತಿದ್ದಳು.

"ಎಷ್ಟು ಉಳಿದಿದೆ ಜೊಂಡು?"

"ಮೂಲೆಯದೊಂದು ತುಂಡು. ನೀರು ಇಳಿದ್ರೆ ಹಕ್ಕಿ ಬರೋದರೊಳಗೆ ಆರಾಮಾಗಿ ಮುಗಿಯುತ್ತೆ."

"ಮುಗಿಸಿಕೊಡಿ."

"ಸರಿ ಮೇಡಂ. ಮುಗಿಸಿ ಹೊರಡ್ತೀನಿ."

"ನಾನು ಹೊರಡಿ ಅಂದ್ನಾ?"

ಅವನು ತಲೆಯೆತ್ತಿದ.

"ಬೆಳಿಗ್ಗೆ ಒಂದು ಮಾತು ಕೇಳಿದ್ದೆ... ಹೇಳೋಕೆ ನೀವು ಯಾರು ಅಂತ." ಅವಳು ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿದಳು. "ನೀವು 'ಹೌದು, ನಾನೇ ಹಾಕಿದ್ದು' ಅಂದಾಗ ಗೊತ್ತಾಯ್ತು ನೀವು ಯಾರು ಅಂತ. ಬೇರೆ ಯಾರೇ ಆಗಿದ್ರೂ ನನಗೆ ಅಷ್ಟು ನೋವಾಗ್ತಿರ್ಲಿಲ್ಲ. ನಾನು ಸುಲಭವಾಗಿ ನಂಬೋಳಲ್ಲ. ನಾಳೆಯೂ ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡ್ತೀನೋ ಏನೋ."

"ನೋಡಿ," ಎಂದ ಅವನು. "ಅಲ್ಲೇ ಇರ್ತೀನಿ. ಕಾಣಿಸ್ತೀನಿ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನು ಕತ್ತಿನ ಟವೆಲು ತೆಗೆದು ಅವಳ ಒದ್ದೆ ತಲೆಯ ಮೇಲೆ ಹಾಕಿದ. ಈ ಸಲ ಅವಳ ಕೈ ಅವನ ಕೈಯನ್ನು ಹಿಡಿಯಿತು. ಬಿಡುವ ಆತುರ ಇಬ್ಬರಿಗೂ ಇರಲಿಲ್ಲ.

ತಿರುವಿನಲ್ಲಿ ಬಸ್ಸು ಬಂದು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿದ. "ಹತ್ತೋರು ಯಾರು? ಬೇಗ ಬೇಗ!"

ಆ ಸದ್ದಿಗೆ ಚೋಟಿ ಬೆಚ್ಚಿ ಅಮ್ಮನ ಸೊಂಟ ಬಿಗಿಯಾಗಿ ಹಿಡಿದುಕೊಂಡಳು. ಕಣ್ಣು ಬಸ್ಸಿನ ಬಾಗಿಲಿನ ಮೇಲೇ ಇತ್ತು. ದೊಡ್ಡವರು ಏನೇನೋ ಮಾತಾಡಿಕೊಂಡರು, ನಿಜ. ಆದರೆ ದೊಡ್ಡವರ ಮಾತಿನ ಮೇಲೆ ಅವಳಿಗೆ ಭರವಸೆ ಎಲ್ಲಿತ್ತು?

ಅಮ್ಮ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು. "ಕೇಳು ಕಂದಾ. ನಿನಗೇನು ಕೇಳ್ಬೇಕೋ, ನೀನೇ ಕೇಳು."

"ಬೇಡ. ಹ್ಞೂಂ ಅಂದು ಹೋಗ್ಬಿಟ್ರೆ?"

ಅದು ಅವನಿಗೂ ಕೇಳಿಸಿತು. ಅವನು ಬೆನ್ನಿನ ಚೀಲ ಇಳಿಸಿದ. ಚೋಟಿಯ ಎದುರು ಮಂಡಿಯೂರಿ ಕೂತು ಅದನ್ನು ಅವಳ ತೋಳಿಗೆ ಕೊಟ್ಟ. ಅವಳಿಗಿಂತ ದೊಡ್ಡ ಚೀಲ. ಅವಳು ಹಿಂದಕ್ಕೆ ವಾಲಿದರೂ ಬಿಡಲಿಲ್ಲ.

"ನನ್ನದು ಅಂತ ಇರೋದೆಲ್ಲಾ ಇದರಲ್ಲೇ ಇದೆ," ಎಂದ. "ನಿನ್ನ ಹತ್ರಾನೇ ಇಟ್ಕೋ. ಈಗ ಕೇಳು."

ಡ್ರೈವರ್ ಅವರನ್ನೊಮ್ಮೆ ನೋಡಿದ. ಹಾರನ್ನಿಗೆ ಹೋದ ಕೈ ಹಿಂದೆ ಬಂತು. ಇಂಜಿನ್ ಆರಿಸಿದ.

ಚೋಟಿ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಅಮ್ಮನ ಮುಖ ನೋಡಿದಳು. ಅವನ ಮುಖ ನೋಡಿದಳು. ಉಸಿರು ತುಂಬಿಕೊಂಡಳು.

"ಜೊಂಡೆಲ್ಲಾ ಮುಗಿದ ಮೇಲೂ... ಹಲಗೆ ಹಾಕದೇ ಇದ್ರೂ... ನೀವು ನಮ್ಮ ಜೊತೇನೇ ಇರ್ತೀರಾ?"